ಹೊಟ್ಟೆ ಕಟ್ಟಿಕೊಂಡವಳು

ಆ ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಇಬ್ಬರು ಎದುರುಬದುರು ನಿಂತು ತುದಿ ಹಿಡಿದು, ಒಮ್ಮೆ ಜಾಡಿಸಿ, ಉದ್ದಕ್ಕೆ ಎರಡು ಮಡಿಕೆ ಹಾಕಿ, ಆಮೇಲೆ ಒಬ್ಬರತ್ತ ಒಬ್ಬರು ನಡೆದು ಬಂದು ಕೈಗೆ ಕೈ ಸೇರಿಸಬೇಕು. ಎದುರು ನಿಲ್ಲುವವಳಿಗೆ ಅಲ್ಲಿ ಜೋಡಿ ಎಂದೇ ಹೆಸರು. ದಿನಕ್ಕೆ ನಾನೂರು ಶೀಟು. ಅಂದರೆ ಇಬ್ಬರು ಹೆಂಗಸರು ದಿನಕ್ಕೆ ನಾನೂರು ಸಲ ಒಬ್ಬರ ಮುಖ ಒಬ್ಬರು ಹತ್ತಿರದಿಂದ ನೋಡುತ್ತಿದ್ದರು.

"ಕೈಗಿಂತ ಮೊದ್ಲು ನಿನ್ನ ಹೊಟ್ಟೇನೇ ಬಂದು ಸೇರುತ್ತಲ್ಲೇ ಡಬಲ್" ಎಂದು ಜೋಡಿ ಅಂದಳು.

"ಅದಕ್ಕೆ ಕೆಲಸದ ಮೇಲೆ ಅಷ್ಟು ಆಸಕ್ತಿ" ಎಂದು ಇವಳು ನಕ್ಕಳು.

ಶೀಟುಗಳಲ್ಲಿ ಸಿಂಗಲ್, ಡಬಲ್ ಎಂದು ಎರಡು ಬಗೆ. ಇವಳು ಕೆಲಸಕ್ಕೆ ಸೇರಿದ ವಾರವೇ ಯಾರೋ ಇವಳನ್ನು ಡಬಲ್ ಅಂದರು. ಆ ಹೆಸರು ಹತ್ತು ವರ್ಷವಾದರೂ ಮಾಸಲಿಲ್ಲ. ಬೇರೆಯವರು ಬಾಯಿ ತೆರೆಯುವ ಮೊದಲೇ ತನ್ನ ಮೈಯ ಮೇಲೆ ತಾನೇ ಒಂದು ತಮಾಷೆ ಹಾರಿಸಿ ನಗುವುದನ್ನು ಅವಳು ಚೆನ್ನಾಗಿ ಕಲಿತಿದ್ದಳು. ದಪ್ಪಗಿರುವವರು ಇದನ್ನು ಬೇಗ ಕಲಿಯುತ್ತಾರೆ. ಮಾತು ತನ್ನದೇ ಆದರೆ ಕಡಿಮೆ ಚುಚ್ಚುತ್ತದೆ ಎಂದು ಅವಳು ನಂಬಿದ್ದಳು. ನಂಬಿಕೆ ಅರ್ಧ ಸುಳ್ಳೆಂದು ಗೊತ್ತಿದ್ದರೂ ಬೇರೆ ದಾರಿ ಇರಲಿಲ್ಲ.

ಒಂದು ಶನಿವಾರ ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಅವಳು ಸಿಕ್ಕಿಕೊಂಡಳು. ಅಡ್ಡಡ್ಡ ತಿರುಗಿ ಬಿಡಿಸಿಕೊಳ್ಳುವಾಗ ಮಡಿಸಿಟ್ಟ ರಾಶಿಯೊಂದು ಉರುಳಿ ಬಿತ್ತು. ಸೋಮವಾರ ಬಂದು ನೋಡಿದರೆ ಮೇಜು ಗೋಡೆಯಿಂದ ಒಂದು ಮೊಳ ಈಚೆಗೆ ಸರಿದಿತ್ತು. ಯಾರೂ ಏನೂ ಅನ್ನಲಿಲ್ಲ. ಅವತ್ತು ಇಡೀ ದಿನ ಯಾರೂ ಅವಳನ್ನು ಡಬಲ್ ಎನ್ನಲಿಲ್ಲ. ಹತ್ತು ವರ್ಷದ ತಮಾಷೆಗೆ ಬಾರದ ಅಳು ಆ ಮೌನಕ್ಕೆ ಬಂತು. ಒದ್ದೆ ಟವೆಲುಗಳ ಗಾಡಿಯ ಹಿಂದೆ ನಿಂತು ಮುಖ ಒರೆಸಿಕೊಂಡು ಬಂದಳು.

ಅವಳಿಗೆ ಮೂವತ್ತೆಂಟು ವರ್ಷ. ಸಕ್ಕರೆ ಕಾಯಿಲೆ ಬಂದಿತ್ತು, ಮಂಡಿ ಕೈಕೊಟ್ಟಿತ್ತು, ಎರಡು ಮಹಡಿ ಹತ್ತಿದರೆ ಉಸಿರು ಕಟ್ಟುತ್ತಿತ್ತು. ಪಥ್ಯ, ನಡಿಗೆ, ಡಬ್ಬಿಯ ಪುಡಿ ಎಲ್ಲ ಆಗಿತ್ತು. ಎಂಟು ಕಿಲೋ ಇಳಿದರೆ ಹನ್ನೊಂದು ಏರುತ್ತಿತ್ತು. ಆ ವಾರವೇ ಅವಳು ಆಸ್ಪತ್ರೆಗೆ ಹೋದಳು.

ಬ್ಯಾಂಡು ಹಾಕಬಹುದು ಎಂದು ಡಾಕ್ಟರಮ್ಮ ಹೇಳಿದಾಗ ಅವಳಿಗೆ ಮೊದಲು ಹೊಳೆದದ್ದು ತುತ್ತೂರಿ ಊದುವ ಬ್ಯಾಂಡು. ಡಾಕ್ಟರಮ್ಮ ಮೆತ್ತಗಿನ ಬಳೆಯಂಥ ಒಂದು ಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟರು. "ಇದನ್ನ ಹೊಟ್ಟೆಯ ಮೇಲ್ಭಾಗಕ್ಕೆ ಸುತ್ತಿ ಬಿಗಿ ಮಾಡ್ತೀವಿ. ಮೇಲೆ ಒಂದು ಪುಟ್ಟ ಚೀಲದ ಹಾಗೆ ಆಗುತ್ತೆ. ಸ್ವಲ್ಪ ತಿಂದ್ರೂ ತುಂಬುತ್ತೆ. ಚರ್ಮದ ಕೆಳಗೆ ಒಂದು ಬಿಲ್ಲೆ ಇರುತ್ತೆ, ಅದಕ್ಕೆ ಸೂಜಿ ಹಾಕಿ ಉಪ್ಪುನೀರು ತುಂಬಿದ್ರೆ ಬಿಗಿ, ತೆಗೆದ್ರೆ ಸಡಿಲ. ಆದ್ರೆ ಒಂದು ಮಾತು, ಇದು ಪವಾಡ ಅಲ್ಲ. ಮನೇಲಿ ಮಾತಾಡಿದೀರಾ?"

"ಮಾತಾಡಿದೀನಿ" ಎಂದಳು. ಸುಳ್ಳು.

ಮನೆ ಅಂದರೆ ದೊಡ್ಡಮ್ಮನ ಮನೆ. ಅವಳಿಗೆ ಏಳು ವರ್ಷವಿದ್ದಾಗ ಅಮ್ಮ ತೀರಿಕೊಂಡಳು, ಅಪ್ಪ ಇನ್ನೊಂದು ಮದುವೆ ಮಾಡಿಕೊಂಡು ದೂರವಾದ. ಅಮ್ಮನ ಅಕ್ಕ ಇವಳನ್ನು ಕರೆತಂದು ತನ್ನ ಮಗಳ ಪಕ್ಕದಲ್ಲೇ ಹಾಸಿಗೆ ಹಾಕಿದರು. ಈಗ ಇವಳದು ಲಾಂಡ್ರಿ ಹತ್ತಿರದ ಒಂದು ಬಾಡಿಗೆ ಕೋಣೆ. ಭಾನುವಾರದ ಮಧ್ಯಾಹ್ನದ ಊಟ ಮಾತ್ರ ತಪ್ಪದೆ ದೊಡ್ಡಮ್ಮನಲ್ಲಿ. ಮನೆಯಲ್ಲೂ ಲಾಂಡ್ರಿಯಲ್ಲೂ ಅವಳು ಒಂದೇ ಕಥೆ ಹೇಳಿದಳು: ಪಿತ್ತಕೋಶದಲ್ಲಿ ಕಲ್ಲು, ಸಣ್ಣ ಆಪರೇಷನ್, ಯಾರೂ ಬರುವುದು ಬೇಡ.

ಯಾರೂ ಬರಲಿಲ್ಲ. "ಜೊತೆಗೆ ಯಾರಿದಾರೆ?" ಎಂದು ನರ್ಸು ಎರಡು ಸಲ ಕೇಳಿದಾಗ "ಆಮೇಲೆ ಬರ್ತಾರೆ" ಎಂದು ಎರಡು ಸಲ ಹೇಳಿದಳು. ಎಚ್ಚರವಾದಾಗ ಪಕ್ಕದ ಹಾಸಿಗೆಯ ಹೆಂಗಸಿನ ಸುತ್ತ ಗಂಡ, ಅತ್ತಿಗೆ, ಮಕ್ಕಳು ಗಿಜಿಗುಡುತ್ತಿದ್ದರು. ಇವಳು ತನ್ನ ಮೇಲೆ ಹೊದಿಸಿದ್ದ ಶೀಟನ್ನು ನೋಡುತ್ತ ಮಲಗಿದಳು. ಮಡಿಕೆಯ ಗೆರೆ ಸೊಟ್ಟಗಿತ್ತು. ಯಾರೋ ಒಬ್ಬಳೇ ಮಡಿಸಿದ್ದಾಳೆ ಎಂದು ಅವಳಿಗೆ ಕೂಡಲೇ ತಿಳಿಯಿತು.

ಊಟ ಮೊದಮೊದಲು ನೀರಿನಂಥದ್ದು, ಆಮೇಲೆ ರುಬ್ಬಿದ್ದು, ಆಮೇಲೆ ಹೆಬ್ಬೆರಳಿನ ಉಗುರಿನಷ್ಟು ತುತ್ತು. ಒಂದೊಂದು ತುತ್ತನ್ನೂ ಇಪ್ಪತ್ತು ಸಲ ಅಗಿಯಬೇಕು, ಊಟದ ಜೊತೆ ನೀರು ಕುಡಿಯಬಾರದು. ಅವಸರ ಮಾಡಿದರೆ ತುತ್ತು ನಡುವೆಯೇ ನಿಂತು, ಬಾಯಲ್ಲಿ ಲೋಳೆ ಊರಿ, ವಾಂತಿಯಾಗುವವರೆಗೆ ಬಿಡುತ್ತಿರಲಿಲ್ಲ. ಲಾಂಡ್ರಿಯಲ್ಲಿ ಅರ್ಧ ಗಂಟೆಯ ಊಟದ ಬಿಡುವಿನಲ್ಲಿ ಎಲ್ಲರೂ ಡಬ್ಬಿಗಳನ್ನು ಒಟ್ಟಿಗಿಟ್ಟು ಹಂಚಿಕೊಳ್ಳುತ್ತಿದ್ದರು. ಇವಳು ಸೋಪುಪುಡಿಯ ಮೂಟೆಗಳ ಹಿಂದೆ ಕೂತು ಬಟ್ಟಲಿನಲ್ಲಿ ಚಮಚ ಆಡಿಸುತ್ತಿದ್ದಳು. ಅತ್ತ ಕಡೆಯಿಂದ ನಗು ಕೇಳುತ್ತಿತ್ತು. ತಿನ್ನುವುದು ಕಮ್ಮಿಯಾದರೆ ಮಾತೂ ಇಷ್ಟು ಕಮ್ಮಿಯಾಗುತ್ತದೆ ಎಂದು ಯಾರೂ ಅವಳಿಗೆ ಹೇಳಿರಲಿಲ್ಲ.

ಮೈ ಇಳಿಯಿತು. ಹೊಗಳಿಕೆ ಬಂತು. "ಇನ್ನು ನಿನ್ನ ಸಿಂಗಲ್ ಅನ್ಬೇಕು ಕಣೆ" ಎಂದು ಜೋಡಿ ಕೈತಟ್ಟಿದಳು. ಒಂಟಿಯಾಗಿ ಅದೆಷ್ಟೋ ವರ್ಷವಾಗಿದ್ದವಳಿಗೆ ಆ ಮಾತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಕಷ್ಟವಿದ್ದದ್ದು ಭಾನುವಾರ. ತಾನೇ ಕಟ್ಟಿದ ಕಲ್ಲಿನ ಕಥೆ ಅವಳಿಗೇ ಉರುಳಾಯಿತು. "ಆಪರೇಷನ್ ಆದೋಳು, ಮುಖ ನೋಡು ಹೇಗೆ ಬಾಡಿದೆ" ಎಂದು ದೊಡ್ಡಮ್ಮ ಮೊದಲಿಗಿಂತ ಹೆಚ್ಚು ಬಡಿಸತೊಡಗಿದರು. ಇವಳು ತಲೆ ತಗ್ಗಿಸಿ ತಿನ್ನುತ್ತಿದ್ದಳು. ನಾಲ್ಕು ತುತ್ತಿಗೇ ಎದೆ ಬಿಗಿಯುತ್ತಿತ್ತು. ಕೈ ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ಸದ್ದು ಕೇಳದಿರಲಿ ಎಂದು ನಲ್ಲಿ ತಿರುಗಿಸಿ, ಎಲ್ಲ ಕಕ್ಕಿ, ಮತ್ತೆ ಬಂದು ತಟ್ಟೆಯ ಮುಂದೆ ಕೂರುತ್ತಿದ್ದಳು.

ಮುಂದಿನ ಸಲ ಪರೀಕ್ಷೆ ಮಾಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಪಟ್ಟಿ ಜಾರೋಕೆ ಶುರುವಾಗಿದೆ. ಬಿಗಿ ಸ್ವಲ್ಪ ಕಮ್ಮಿ ಮಾಡಿದೀನಿ. ಇನ್ನೂ ಹೀಗೇ ವಾಂತಿ ಆಗ್ತಿದ್ರೆ ಮತ್ತೆ ಆಪರೇಷನ್ ಮಾಡಿ ತೆಗೀಬೇಕಾಗುತ್ತೆ. ಯಾಕೆ ಅಷ್ಟು ತಿಂತೀರಿ?"

"ಹಾಕ್ತಾರೆ."

"ಬೇಡ ಅನ್ನಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಹೇಳಿದರು: "ನೋಡಿ, ಪಟ್ಟಿ ಹಾಕಿರೋದು ಹೊಟ್ಟೆಗೆ. ಬಾಯಿ ನಿಮ್ಮದೇ. ಅಲ್ಲಿ ಹೇಳಬೇಕಾದ್ದನ್ನ ನಾನು ಬಂದು ಹೇಳೋಕಾಗಲ್ಲ."

ಆ ಭಾನುವಾರ ಹೇಳಿಯೇಬಿಡಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋದಳು. ದೊಡ್ಡಮ್ಮ ಸೌಟು ಹಿಡಿದು ಎದುರು ನಿಂತ ಕೂಡಲೇ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿಯಾಯಿತು. ತಿಂದಳು. ಎದ್ದಳು. ನಲ್ಲಿ ತಿರುಗಿಸಿದಳು. ಅವತ್ತು ನಲ್ಲಿಯಲ್ಲಿ ನೀರು ಬರಲಿಲ್ಲ.

"ಬಾಗಿಲು ತೆಗಿ" ಎಂದು ಹೊರಗಿನಿಂದ ದೊಡ್ಡಮ್ಮನ ದನಿ. ತೆಗೆದಳು. ದೊಡ್ಡಮ್ಮನ ಮುಖ ಬಿಳಿಚಿಕೊಂಡಿತ್ತು. "ಯಾವ ಕಾಯಿಲೆ ಮುಚ್ಚಿಡ್ತಿದೀಯ? ನಿಮ್ಮಮ್ಮನೂ ಹೀಗೇ ಮುಚ್ಚಿಟ್ಟಳು. ನನಗೆ ಗೊತ್ತಾಗೋ ಹೊತ್ತಿಗೆ ಏನೂ ಉಳಿದಿರಲಿಲ್ಲ. ನೀನೂ ಹಾಗೆ ಮಾಡ್ಬೇಡ, ನಿನಗೆ ಕೈ ಮುಗೀತೀನಿ."

ಇನ್ನು ಸುಳ್ಳಿಗೆ ಜಾಗವಿರಲಿಲ್ಲ. ಎಲ್ಲ ಹೇಳಿದಳು. ದೊಡ್ಡಮ್ಮ ಕುರ್ಚಿಯ ತುದಿಯಲ್ಲಿ ಕೂತು ಕೇಳಿದರು. ಅಕ್ಕ ತಿನ್ನುವುದನ್ನು ನಿಲ್ಲಿಸಿದಳು. ದೊಡ್ಡಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳು ಅವಳು, ಶಾಲೆಯೊಂದರಲ್ಲಿ ಟೈಪಿಸ್ಟು, ಕಡ್ಡಿಯಂಥ ಮೈ.

"ಹೊಟ್ಟೆ ಕಟ್ಟಿಸ್ಕೊಂಡ್ಯಾ?" ಎಂದರು ದೊಡ್ಡಮ್ಮ ನಿಧಾನಕ್ಕೆ. "ಹೊಟ್ಟೆ ಬಟ್ಟೆ ಕಟ್ಟಿ ಸಾಕಿದೋಳು ನಾನು. ನೀನು ಹೋಗಿ ಡಾಕ್ಟ್ರ ಕೈಲಿ ನಿಜವಾಗ್ಲೂ ಕಟ್ಟಿಸ್ಕೊಂಡು ಬಂದಿದೀಯ. ನಾನಿಕ್ಕಿದ ಅನ್ನ ಅಷ್ಟು ವಿಷ ಆಯ್ತಾ ನಿನಗೆ?"

"ಹಾಗಲ್ಲ ದೊಡ್ಡಮ್ಮ, ನೀವು—"

"ಮತ್ತೆ ಹೇಗೆ? ತಾಯಿಲ್ಲದ ಕೂಸು, ದೊಡ್ಡಮ್ಮ ಸರಿಯಾಗಿ ಇಕ್ತಾಳೋ ಇಲ್ವೋ ಅಂತ ಅಕ್ಕಪಕ್ಕದೋರು ಊಟದ ಹೊತ್ತಿಗೇ ಬರ್ತಿದ್ರು. ಒಂದು ಲೋಟ ಸಕ್ಕರೆ ಕೇಳೋ ನೆಪ, ಕಣ್ಣೆಲ್ಲ ನಿನ್ನ ತಟ್ಟೆ ಮೇಲೆ. ಅದಕ್ಕೇ ನಿನಗೆ ಯಾವಾಗ್ಲೂ ಒಂದು ಸೌಟು ಹೆಚ್ಚಿಗೆ. ಒಬ್ಬರ ಬಾಯಲ್ಲೂ ಒಂದು ಮಾತು ಬರೋಕೆ ಬಿಡಲಿಲ್ಲ ನಾನು."

"ಆ ಸೌಟು ನನ್ನ ಪಾಲಿಂದು" ಎಂದಳು ಅಕ್ಕ, ತಟ್ಟೆ ನೋಡುತ್ತ. "ನನ್ನ ತಟ್ಟೆ ನೋಡೋಕೆ ಯಾರೂ ಬರ್ತಿರಲಿಲ್ಲವಲ್ಲ. ಹೊಟ್ಟೆಕಿಚ್ಚು ಪಟ್ಟಿದೀನಿ ಕಣೆ, ಸುಳ್ಳು ಯಾಕೆ ಹೇಳ್ಲಿ."

ದೊಡ್ಡಮ್ಮ ಅವಳತ್ತ ತಿರುಗಲಿಲ್ಲ. "ಸಾಕು ಅಂತ ಒಂದೇ ಒಂದು ಸಲ ಅಂದಿದ್ರೆ ನಿಲ್ಲಿಸ್ತಿರಲಿಲ್ವಾ ನಾನು?"

"ಹೆದರಿಕೆ" ಎಂದಳು ಇವಳು. ಆ ಮಾತು ಬಂದ ಮೇಲೆ ಉಳಿದದ್ದು ತಾನಾಗಿ ಬಂತು. "ಬಂದೋರಿಗೆಲ್ಲ ಇವಳು ನನ್ನ ಸಾಕುಮಗಳು ಅಂತಿದ್ರಿ. ಏಳು ವರ್ಷದೋಳಿಗೆ ಏನು ಗೊತ್ತು? ಸಾಕಾಗಿ ಹೋಗಿರೋ ಮಗಳು ಅಂತ ತಿಳ್ಕೊಂಡಿದ್ದೆ. ನಾನೂ ಸಾಕು ಅಂದ್ಬಿಟ್ರೆ ನಿಮಗೂ ಪೂರ್ತಿ ಸಾಕಾಗಿ, ಎಲ್ಲಿಗಾದ್ರೂ ಕಳಿಸ್ಬಿಡ್ತೀರಿ ಅಂತ. ಆಮೇಲೆ ಅರ್ಥ ಗೊತ್ತಾಯ್ತು. ಆದ್ರೂ ಬಾಯಿಗೆ ಬರಲೇ ಇಲ್ಲ."

ದೊಡ್ಡಮ್ಮ ಎದ್ದು, ಬಕೆಟ್ಟಿನಲ್ಲಿದ್ದ ನೀರಿನಲ್ಲೇ ಪಾತ್ರೆ ಉಜ್ಜಲು ತೊಡಗಿದರು. "ಹೊರಡು, ಹೊತ್ತಾಯ್ತು" ಎಂದರು. ಗಂಟೆ ಇನ್ನೂ ಎರಡೂವರೆ.

ಆಮೇಲೆ ಮೂರು ಭಾನುವಾರ ಅತ್ತಲಿಂದ ಫೋನಿಲ್ಲ. ತಾನೇ ಮಾಡೋಣವೆಂದರೆ ಧೈರ್ಯ ಸಾಲದು. ಕೋಣೆಯಲ್ಲಿ ಒಂದು ಮೊಟ್ಟೆ ಬೇಯಿಸಿ, ಕಿಟಕಿಯ ಹತ್ತಿರ ಕೂತು, ಅಗಿದು ಅಗಿದು ಅರ್ಧಕ್ಕೆ ನಿಲ್ಲಿಸಿ, "ಸಾಕು" ಎಂದು ಜೋರಾಗಿ ಅಂದು ನೋಡಿದಳು. ಗೋಡೆಗೆ ಹೇಳುವುದು ಬಹಳ ಸುಲಭ. ಪಟ್ಟಿ ನಿಂತಲ್ಲಿ ನಿಂತಿತ್ತು, ವಾಂತಿ ಇರಲಿಲ್ಲ, ತೂಕ ಇಳಿಯುತ್ತಿತ್ತು. ಎಲ್ಲವೂ ಸರಿಯಾಗಿತ್ತು, ಯಾರೂ ಇರಲಿಲ್ಲ.

ಲಾಂಡ್ರಿಯಲ್ಲಿ ಒಂದು ದಿನ ಶೀಟು ಜಾಡಿಸುವಾಗ ಜೋಡಿಗೆ ಹೇಳಿಬಿಟ್ಟಳು. ಜೋಡಿ ಮಡಿಕೆ ಹಾಕುವುದನ್ನೇ ಮರೆತು ನಿಂತಳು.

"ಅಯ್ಯೋ ಪಾಪಿ, ಕಲ್ಲು ಅಂದ್ಯಲ್ಲೇ! ನಿನ್ನ ಕಥೆ ಹೇಳಿ ಹೇಳಿ, ಕಲ್ಲಾಗದಿರಲಿ ಅಂತ ನಮ್ಮ ಓಣಿಯವರಿಗೆಲ್ಲ ಕೊಡಗಟ್ಟಲೆ ನೀರು ಕುಡಿಸಿದೀನಿ." ಆಮೇಲೆ ದನಿ ತಗ್ಗಿತು. "ಆ ಮೇಜು ಸರಿಸಿದ್ದು ನಾನೇ. ಸೊಂಟಕ್ಕೆ ಏಟಾಗುತ್ತೆ ಅಂತ. ಹೇಳಿದ್ರೆ ಬೇಜಾರಾಗ್ತೀಯೇನೋ ಅಂತ ಹೇಳಲಿಲ್ಲ." ತುದಿ ಸೇರಿಸಲು ನಡೆದು ಬಂದವಳು ಕೈ ಬಿಡದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಳು. ಅವತ್ತು ಊಟಕ್ಕೆ ಮೂಟೆಗಳ ಹಿಂದಕ್ಕೆ ತಾನೇ ಬಂದು ಕೂತಳು.

ನಾಲ್ಕನೆಯ ಶನಿವಾರ ಅಕ್ಕನ ಫೋನು ಬಂತು. "ನಾಳೆ ಬಾರೆ. ಅಮ್ಮ ನಿನ್ನ ಪಾಲೂ ಸೇರಿಸಿ ಮೊದಲಿನಷ್ಟೇ ಅಡುಗೆ ಮಾಡ್ತಾಳೆ. ಯಾರಿಗಮ್ಮಾ ಇದು ಅಂತ ಕೇಳಿದ್ರೆ ಪಾತ್ರೆ ಕುಕ್ತಾಳೆ. ನನ್ನ ಕೈಲಿ ತಿಂದು ಮುಗಿಸೋಕಾಗ್ತಿಲ್ಲ."

ಹೋದಳು. ದೊಡ್ಡಮ್ಮ ಬಾ ಅಂದರು, ಅಷ್ಟೇ. ಎರಡು ತಟ್ಟೆ ಹಾಕಿದ್ದರು. ಅಕ್ಕನಿಗೆ ಬಡಿಸಿ, ಇವಳ ತಟ್ಟೆಗೆ ಅರ್ಧ ಸೌಟು ಅನ್ನ ಹಾಕಿದರು. ಮೂವತ್ತೊಂದು ವರ್ಷದ ರೂಢಿ, ಕೈ ತಾನಾಗಿ ಪಾತ್ರೆಗಿಳಿದು ಮತ್ತೊಂದು ಸೌಟು ತುಂಬಿಕೊಂಡು ತಟ್ಟೆಯ ಮೇಲೆ ಬಂದು ನಿಂತಿತು. ಬಗ್ಗಲಿಲ್ಲ. ದೊಡ್ಡಮ್ಮ ಅವಳ ಮುಖವನ್ನೇ ನೋಡುತ್ತಿದ್ದರು.

"ಸಾಕು" ಎಂದಳು.

ಸೌಟು ಪಾತ್ರೆಗೆ ಹಿಂತಿರುಗಿತು. ದೊಡ್ಡಮ್ಮನ ಕಣ್ಣು ತುಂಬಿತ್ತು, ತುಟಿ ಮಾತ್ರ ಬಿಗಿಯಾಗಿತ್ತು. "ಇಷ್ಟೊಂದು ಉಳೀತಲ್ಲ" ಎಂದು ಪಾತ್ರೆಯೊಳಗೆ ನೋಡಿದರು, "ಏನು ಮಾಡ್ಲಿ ಇದನ್ನ?"

ದೊಡ್ಡಮ್ಮ ತಮ್ಮಿಬ್ಬರ ಜೊತೆ ಕೂತು ಉಂಡದ್ದನ್ನು ತಾನು ಎಂದೂ ನೋಡಿಯೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಎಲ್ಲರದ್ದೂ ಆದ ಮೇಲೆ ಅಡುಗೆಮನೆಯಲ್ಲಿ ನಿಂತೇ, ಇದ್ದದ್ದರಲ್ಲಿ ಮುಗಿಸಿ, ನೀರು ಕುಡಿದು ಬರುತ್ತಿದ್ದರು. ಹೊಟ್ಟೆ ಕಟ್ಟಿದ್ದು ಎಂಬುದು ಬರೀ ಮಾತಾಗಿರಲಿಲ್ಲ.

ಎದ್ದು ಮೂರನೆಯ ತಟ್ಟೆ ತಂದಳು. ದೊಡ್ಡಮ್ಮನ ಕೈಯಿಂದ ಸೌಟು ತೆಗೆದುಕೊಂಡಳು.

"ನೀನು ಕೂತ್ಕೋ" ಎಂದಳು.

ಮೂವತ್ತೊಂದು ವರ್ಷ ನೀವು ಎಂದವಳ ಬಾಯಲ್ಲಿ ಬಂದ ನೀನು ಅದು. ಅಕ್ಕ ತಲೆಯೆತ್ತಿ ನೋಡಿದಳು. ದೊಡ್ಡಮ್ಮ ಕೂತರು. ಇವಳು ಒಂದು ಸೌಟು ಹಾಕಿದಳು. ಇನ್ನೊಂದು ಹಾಕಿ ಮುಖ ನೋಡಿದಳು.

ದೊಡ್ಡಮ್ಮ ಸಾಕು ಅನ್ನಲಿಲ್ಲ. ಅವಳು ಮತ್ತೊಂದು ಸೌಟು ಹಾಕಿದಳು.