ರಾಲ್ಫ್ ಮತ್ತು ಅವನ ಮರಿಗಳು

"ಇನ್ನೊಂದ್ಸಲ ಓದಮ್ಮ," ಎಂದ ಎಡ್ವಿನ್ ಟ್ರಸ್ಲರ್, ಮೇಜಿನಾಚೆ ಕೂತಿದ್ದ ಗ್ವೆನ್‌ಗೆ. ಮುದುಕನ ಕಿವಿ ಮಂದವೇನೋ ನಿಜ. ಆದರೆ ಈಗ ಓದಿದ್ದು ಅವನಿಗೆ ಸರಿಯಾಗಿಯೇ ಕೇಳಿಸಿದೆ ಎಂಬುದು ಪಕ್ಕದಲ್ಲಿ ಕೂತಿದ್ದ ಮಗಳು ಹೆಸ್ಟರಳಿಗೆ ಗೊತ್ತಾಯಿತು.

ಹನ್ನೊಂದು ವರ್ಷದಿಂದ ಅವಳು ಮನೆತನದ ಹೊಲದ ಹಳೆಯ ಪತ್ರಗಳ ಬೆನ್ನು ಹತ್ತಿದ್ದಳು. ಕ್ರಯಪತ್ರದಿಂದ ಉಯಿಲಿಗೆ, ಉಯಿಲಿನಿಂದ ಗೇಣಿಪತ್ರಕ್ಕೆ, ಒಂದೊಂದೇ ತಲೆಮಾರು ಹಿಂದೆ ಸರಿಯುತ್ತ ಏಳುನೂರೈವತ್ತು ವರ್ಷ ಹಿಂದೆ ಚರ್ಮದ ಮೇಲೆ ಬರೆದ ಈ ಪತ್ರಕ್ಕೆ ಬಂದು ಮುಟ್ಟಿದ್ದಳು. ಮೊದಲ ಟ್ರಸ್ಲರ್ ರಾಜನ ಪಕ್ಕದಲ್ಲಿ ಕತ್ತಿ ಹಿಡಿದು ಹೊಲ ಗಳಿಸಿದವನು ಎಂದು ಎಡ್ವಿನ್ ಊರಿನ ಪಬ್ಬಿನಲ್ಲಿ ಅರವತ್ತು ವರ್ಷ ಹೇಳಿಕೊಂಡು ಬಂದಿದ್ದ. ಆ ಪತ್ರವನ್ನು ಕಣ್ಣಾರೆ ನೋಡಲೆಂದು ಇವತ್ತು ಮದುವೆಗೆ ಹೊರಟವನಂತೆ ಟೈ ಕಟ್ಟಿಕೊಂಡು ದಾಖಲೆ ಕಚೇರಿಗೆ ಬಂದಿದ್ದ.

ಪತ್ರವಿದ್ದದ್ದು ಲ್ಯಾಟಿನ್ನಿನಲ್ಲಿ; ಕಚೇರಿಯಲ್ಲಿ ಅದನ್ನು ಬಲ್ಲವಳು ಗ್ವೆನ್ ಒಬ್ಬಳೇ. ಅವಳು ಕನ್ನಡಕ ಸರಿಪಡಿಸಿಕೊಂಡಳು.

"'ಈಗಿನವರಿಗೂ ಮುಂದಿನವರಿಗೂ ತಿಳಿದಿರಲಿ. ಈ ಊರಿನ ಒಡೆಯನಾದ ನಾನು ಹಳ್ಳದ ದಂಡೆಯ ಆರು ಎಕರೆ ಹೊಲವನ್ನೂ, ಅದರ ಜತೆಗೆ ನನ್ನ ಹುಟ್ಟಾಳು ರಾಲ್ಫ್ ಟ್ರಸ್ಲರನನ್ನೂ, ಅವನ ಎಲ್ಲ ಮರಿಗಳನ್ನೂ ಮಠಕ್ಕೆ ಮಾರಿದ್ದೇನೆ.'"

"ಯಾವ ಮರಿ? ಕುರಿಮರೀನಾ?"

ಗ್ವೆನ್ ಹೆಸ್ಟರಳ ಮುಖ ನೋಡಿದಳು. "ಮಕ್ಳು ಯಜಮಾನ್ರೇ. ಆಳುಗಳ ಮಕ್ಕಳನ್ನ ಹಾಗೇ ಬರೀತಿದ್ರು."

ಹೊಲ ಬರೆಸಿಕೊಂಡವನನ್ನು ಹುಡುಕುತ್ತ ಬಂದ ಹೆಸ್ಟರಳಿಗೆ ಹೊಲದ ಜತೆ ಮಾರಾಟವಾದವನು ಸಿಕ್ಕಿದ್ದ.

"ಅವನು ನಮ್ಮೋನಲ್ಲ," ಎಂದ ಎಡ್ವಿನ್. "ಬೇರೆ ಯಾರೋ ಇರ್ಬೇಕು."

"ನಮ್ಮೋನೇ ಅಪ್ಪಾ. ಅದೇ ಆರು ಎಕರೆ. ನೀನು ಉಳ್ತಿದ್ದದ್ದು."

"ಹಂಗಾದ್ರೆ ಇಷ್ಟು ವರ್ಷ ನಾನು ಪಬ್ಬಲ್ಲಿ ಬಡ್ಕೊಂಡಿದ್ದು?"

ಗ್ವೆನ್ ಪತ್ರವನ್ನು ಎತ್ತಿಡಲು ಹೋದಳು. ಮುದುಕ ಕೈ ಅಡ್ಡ ಇಟ್ಟ.

"ಆ ಮಕ್ಕಳ ಹೆಸರಿದ್ಯಾ ಅದ್ರಲ್ಲಿ?"

"ಇಲ್ಲ."

"ಒಂದೂ?"

"ಎಷ್ಟು ಜನ ಅಂತಾನೂ ಬರೆದಿಲ್ಲ."

ಕಾರಿನಲ್ಲಿ ಕೂತ ಮೇಲೂ ಹೆಸ್ಟರಳಿಗೆ ಕೀಲಿ ತಿರುಗಿಸಲು ಕೈ ಬರಲಿಲ್ಲ. ಪಕ್ಕದಲ್ಲಿ ಅಪ್ಪನ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಇರಬೇಕೆಂದುಕೊಂಡಳು. ಆಮೇಲೆ ಕೇಳಿಸಿತು: "ಹೆಸ್ಟರ್. ಮಾರ್ಟಿನ್. ರೂತ್." ತನ್ನ ಮಕ್ಕಳನ್ನು ಮುಗಿಸಿ ಮೊಮ್ಮಕ್ಕಳಿಗೆ ಬಂದ. ಹೋದ ವಾರ ಹುಟ್ಟಿದ ಮರಿಮಗಳ ಹತ್ತಿರ ಬಂದಾಗ ತಡವರಿಸಿ ಅವಳತ್ತ ತಿರುಗಿದ.

"ಆ ಪುಟ್ಟದ್ದರ ಹೆಸರೇನೇ?"

"ಐರಿಸ್."

"ಐರಿಸ್," ಎಂದು ಅವನು ಜೋರಾಗಿಯೇ ಹೇಳಿದ. ಮುಂದಿನ ಗಾಜಿನ ಮೇಲೆ ಅವನ ಉಸಿರು ಮಬ್ಬಾಗಿ ಹರಡಿತು.