ಆರು ಬೋಳು ಕೀಲಿ

ನಾನು ಒಂದು ಕೀಲಿಮಣೆ. ಕಂಪ್ಯೂಟರಿನ ಮುಂದೆ ಮಲಗಿ ಹಗಲೆಲ್ಲ ಬೆರಳಿನ ಪೆಟ್ಟು ತಿನ್ನುವ ಜಾತಿ. ಹುಟ್ಟಿದ ಊರು ತಿಳಿಯದು. ಬೆನ್ನಿಗೆ ಅಂಟಿಸಿದ್ದ ಚೀಟಿ ಎಂದೋ ಉದುರಿಹೋಯಿತು. ಆಟ ಆಡುವವರಿಗಾಗಿ ನನ್ನನ್ನು ಮಾಡಿದರು ಎಂಬುದಷ್ಟೇ ನೆನಪು. ಓಡುತ್ತ, ಹಾರುತ್ತ, ಗುಂಡು ಹಾರಿಸುತ್ತ ಅವರು ನಾಲ್ಕಾರು ಕೀಲಿಗಳನ್ನು ಒಟ್ಟಿಗೇ ಒತ್ತುತ್ತಾರಲ್ಲ, ಅವನ್ನೆಲ್ಲ ಒಂದೇ ಸಲ ಕೇಳಿಸಿಕೊಳ್ಳುವ ಕಿವಿ ನನಗುಂಟು. ಎಲ್ಲ ಕೀಲಿಮಣೆಗೂ ಈ ಕಿವಿ ಇರುವುದಿಲ್ಲ. ಹೆಚ್ಚಿನವು ನಾಲ್ಕನೆಯದನ್ನೋ ಐದನೆಯದನ್ನೋ ನುಂಗಿ, ಏನೂ ಆಗದವರಂತೆ ಕೂತಿರುತ್ತವೆ.

ರಾಣೆಬೆನ್ನೂರಿನ ಒಂದು ಆಟದ ಅಂಗಡಿಯಲ್ಲಿ ನನ್ನ ಯೌವನ ಕಳೆಯಿತು. ಬೈಗುಳ, ಕುರುಕಲು ತಿಂಡಿಯ ಎಣ್ಣೆ, ಸೋತವರ ಗುದ್ದು, ಎಲ್ಲ ಕಂಡೆ. ಎಲ್ಲರ ಕೈಗೂ ಮೊಬೈಲು ಬಂದಮೇಲೆ ಅಂಗಡಿ ಮುಚ್ಚಿತು. ನಾನು ಚೀಲದಲ್ಲಿ ತುಂಬಿಸಿಕೊಂಡು ಬಸ್‌ಸ್ಟ್ಯಾಂಡ್ ಹಿಂದಿನ ದಸ್ತಗೀರನ ರಿಪೇರಿ ಅಂಗಡಿಗೆ ಬಂದೆ.

ಅಲ್ಲಿ ನನ್ನನ್ನು ಹುಡುಕಿದ್ದು ನೀಲಾಂಬಿಕಾ. ಊರಿನಲ್ಲಿ ನೀಲಕ್ಕ ಅನ್ನುತ್ತಾರೆ. ಹುಟ್ಟುಕುರುಡಿ, ಬಿ.ಎ. ಪಾಸಾದವಳು, ಅಂಧರ ಸಂಘದ ಬ್ರೈಲ್ ಮುದ್ರಣಾಲಯದಲ್ಲಿ ಪುಸ್ತಕ ಇಳಿಸುವ ಕೆಲಸ. ಒಬ್ಬರು ಪಠ್ಯ ಓದಿ ಹೇಳಬೇಕು, ಇವಳು ಬ್ರೈಲಿನಲ್ಲಿ ಒತ್ತಬೇಕು. ಬ್ರೈಲಿನ ಒಂದೊಂದು ಅಕ್ಷರಕ್ಕೂ ಒಂದರಿಂದ ಆರು ಚುಕ್ಕಿ. ಎಡಗೈಯ ಮೂರು ಬೆರಳು, ಬಲಗೈಯ ಮೂರು ಬೆರಳು, ಬೇಕಾದ ಚುಕ್ಕಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಅಕ್ಷರ. 'ಢ' ಬರೆಯಲು ಆರೂ ಬೆರಳು ಬೇಕು.

ಅವಳು ಒಂದೊಂದೇ ಕೀಲಿಮಣೆಯನ್ನು ಓದಿ ಹೇಳುವ ಕಂಪ್ಯೂಟರಿಗೆ ಜೋಡಿಸಿ 'ಪ್ರೌಢ' ಎಂದು ಒತ್ತಿ ನೋಡುತ್ತಿದ್ದಳು. ಹೊಳೆಯುವ ಹೊಸವೆಲ್ಲ ಒಂದು ಚುಕ್ಕಿ ನುಂಗಿ 'ಪ್ರೌಟ' ಎಂದವು. ನಾನು ಸರಿಯಾಗಿ ಹೇಳಿದೆ.

"ಅಕ್ಕಾರ, ಹೊಸಾವು ಬಿಟ್ಟು ಈ ಹಳೇದು ಯಾಕ್ರೀ?" ಎಂದ ದಸ್ತಗೀರ.

"ಹೊಸಾವು ನುಂಗತಾವು ದಸ್ತಗೀರಣ್ಣ. ಇದು ಕೊಟ್ಟಿದ್ದೆಲ್ಲಾ ಒಪ್ಪಿಸತೈತಿ."

ನನ್ನ ಬಾಳಿನಲ್ಲಿ ಯಾರಾದರೂ ಆಡಿದ ಒಳ್ಳೆಯ ಮಾತು ಅದೊಂದೇ.

ಕೀಲಿಮಣೆಯ ಆರು ಕೀಲಿಗಳನ್ನು ಬ್ರೈಲಿನ ಆರು ಚುಕ್ಕಿಗಳಾಗಿ ತಿಳಿದುಕೊಳ್ಳುವ ಅವಳ ತಂತ್ರಾಂಶದ ಹೆಸರು 'ಚುಕ್ಕಿ'. ಯಾವ ಕಂಪನಿಯದೂ ಅಲ್ಲ. ಅಲ್ಲಲ್ಲಿ ಕೂತ ಉತ್ಸಾಹಿಗಳು ಸೇರಿ ಬರೆದು, ಒಳಗಿನದನ್ನೆಲ್ಲ ತೆರೆದಿಟ್ಟು, ಯಾರು ಬೇಕಾದರೂ ತಿದ್ದಿ ಎಂದು ಬಿಟ್ಟದ್ದು. "ಇದು ನಮ್ಮದು" ಎಂದು ನೀಲಕ್ಕ ಹೆಮ್ಮೆಪಡುತ್ತಿದ್ದಳು. ನನ್ನ ಆರು ಕೀಲಿಗಳ ಮೇಲೆ ಆ ಬೆರಳುಗಳು ಬಿದ್ದಾಗ ಮಳೆ ಹಿಡಿದ ಹಾಗೆ ಸದ್ದು. ಅಕ್ಷರಗಳು ಅಳಿಸುತ್ತ ಬಂದು, ಆ ಆರೂ ಬೋಳಾದವು. ಮಿಕ್ಕವು ಮದುವೆಗೆ ಹೊರಟವರಂತೆ ಮಿರಿಮಿರಿ ಮಿಂಚುತ್ತ ಉಳಿದವು.

ಹೀಗಿರುವಾಗ 'ಚುಕ್ಕಿ'ಯ ಮುಖ ಬದಲಿಸುತ್ತೇವೆ, ಬಳಸುವವರು ಅಭಿಪ್ರಾಯ ತಿಳಿಸಿ ಎಂದು ಒಂದು ಪ್ರಶ್ನಾವಳಿ ಬಂತು. ನೀಲಕ್ಕ ಖುಷಿಯಿಂದಲೇ ತೆರೆದಳು. ಓದಿ ಹೇಳುವ ಯಂತ್ರದ ದನಿ ಶುರುವಾಯಿತು: "ಈ ಎರಡು ಪರದೆಗಳಲ್ಲಿ ನಿಮಗೆ ಯಾವುದು ಹಿಡಿಸಿತು? ಚಿತ್ರ ಒಂದು. ಚಿತ್ರ ಎರಡು."

ನೀಲಕ್ಕ ಸ್ವಲ್ಪ ಹೊತ್ತು ಕಾದಳು. ದನಿ ಮತ್ತೆ ಹೇಳಿತು: "ಚಿತ್ರ ಒಂದು. ಚಿತ್ರ ಎರಡು."

"ಚಂದ ಅದಾವು ಎರಡೂ," ಎಂದಳು ನೀಲಕ್ಕ, ಖಾಲಿ ಕೋಣೆಗೆ.

ಹಿಡಿಸಿದ ಚಿತ್ರವನ್ನು ಮೌಸಿನಿಂದ ಎಳೆದು ಪೆಟ್ಟಿಗೆಗೆ ಹಾಕದೆ ಮುಂದಿನ ಪ್ರಶ್ನೆಗೆ ದಾರಿಯಿಲ್ಲ. ನೋಡದವರು ಬಳಸುವ ತಂತ್ರಾಂಶಕ್ಕೆ ನೋಡಿ ತುಂಬುವ ಪ್ರಶ್ನೆ! ಬ್ರೈಲ್ ಎಂದರೆ ಏನು, ಯಾರಿಗೆ ಎಂಬುದನ್ನು ಅದನ್ನು ಕಟ್ಟಿದವರೇ ಮರೆತಿದ್ದರು. ನನಗೆ ಬಾಯಿದ್ದಿದ್ದರೆ ಅಂದೇ ಕಚ್ಚುತ್ತಿದ್ದೆ.

ನೀಲಕ್ಕ ಎದ್ದುಹೋದಳು. ಇನ್ನೂ ದೊಡ್ಡ ಅನ್ಯಾಯ ಆಮೇಲೆ ನಡೆಯಿತು, ಅದೂ ಒಳ್ಳೆಯ ಮನಸ್ಸಿನಿಂದ. ಸಂಘದ ಕಾರ್ಯದರ್ಶಿ ರುದ್ರಗೌಡರು, ಕಣ್ಣು ಕಾಣುವವರು, ತೆರೆದೇ ಇದ್ದ ಪ್ರಶ್ನಾವಳಿಯ ಮುಂದೆ ಬಂದು ಕೂತರು. ಕೆಟ್ಟವರಲ್ಲ. ಸಂಘಕ್ಕಾಗಿ ಚಪ್ಪಲಿ ಸವೆಸಿದವರು. ಆದರೆ ಉಂಡ ಮನೆಯಲ್ಲಿ ಉಪ್ಪು ಕಡಿಮೆ ಎನ್ನಬಾರದು ಎಂದು ಬೆಳೆದವರು. "ಪಾಪ, ಪುಕ್ಕಟೆ ಮಾಡಿಕೊಟ್ಟಾರ. ದಾನದ ಆಕಳ ಹಲ್ಲು ಹಿಡಿದು ನೋಡಬಾರದು," ಎಂದುಕೊಂಡು ಎಲ್ಲದಕ್ಕೂ ಐದು ನಕ್ಷತ್ರ ಒತ್ತಿದರು. 'ಯಾವುದನ್ನು ತೆಗೆದುಹಾಕಬಹುದು?' ಎಂಬಲ್ಲಿ 'ಯಾವುದೂ ಬೇಡ' ಎನ್ನುವುದು ಇರಲಿಲ್ಲ. ಒಂದನ್ನಾದರೂ ಆರಿಸಲೇಬೇಕು. 'ಆರು ಕೀಲಿಯ ಬರವಣಿಗೆ' ಎಂಬ ಹೆಸರನ್ನು ಅವರು ಕೇಳಿಯೇ ಇರಲಿಲ್ಲ. ಅದನ್ನೇ ಆರಿಸಿದರು, ನನ್ನದೇ ಬೋಳು ಕೀಲಿಗಳ ಮೇಲೆ ಅಂಗೈ ಊರಿಕೊಂಡು. ಕೆಳಗೆ 'ಬಳಸುವವರ ಹೆಸರು' ಎಂಬಲ್ಲಿ ಬರೆದರು: ನೀಲಾಂಬಿಕಾ.

ಪಿಯುಸಿ ಇತಿಹಾಸದ ಪುಸ್ತಕ ಅರ್ಧಕ್ಕೆ ಬಂದಿತ್ತು. ಹಾಸ್ಟೆಲಿನ ಹುಡುಗಿಯರು ಪರೀಕ್ಷೆಗೆ ಅದಕ್ಕೇ ಕಾಯುತ್ತಿದ್ದರು. ಒಂದು ಬೆಳಿಗ್ಗೆ 'ಚುಕ್ಕಿ' ತಾನೇ ಹೊಸದಾಗಿ ಕೂತಿತ್ತು. ನೀಲಕ್ಕ ಒತ್ತಿದಳು. ಅಕ್ಷರ ಬರಲಿಲ್ಲ. "ಎಸ್, ಡಿ, ಎಫ್, ಜೆ, ಕೆ, ಎಲ್" ಎಂದು ದನಿ ಇಂಗ್ಲಿಷಿನಲ್ಲಿ ಬಡಬಡಿಸಿತು. ನಾನು ಆರೂ ಚುಕ್ಕಿ ನಿಯತ್ತಾಗಿ ಒಪ್ಪಿಸಿದ್ದೆ. ತೆಗೆದುಕೊಳ್ಳುವ ಕೈಯನ್ನೇ ಕತ್ತರಿಸಿದ್ದರು. ಹೊಸದರಲ್ಲಿ ಒಮ್ಮೆ ತೆರೆದ ಪುಟಗಳನ್ನು ಹಳೆಯದು ಓದಲೊಲ್ಲದು. ಹಿಂದಕ್ಕೆ ಹೋಗುವ ದಾರಿಯೂ ಇಲ್ಲ.

ಎರಡು ದಿನ ನೋಡಿ ಗೌಡರು ಮೆಲ್ಲಗೆ ಹೇಳಿದರು: "ನೀಲಕ್ಕ, ಕಣ್ಣಿದ್ದವರು ಒಬ್ಬರನ್ನ ತಗೊಂಡು ಮಾಮೂಲಿ ಕನ್ನಡದಾಗ ಬರಸೋಣ, ಯಂತ್ರ ಬ್ರೈಲ್ ಮಾಡತೈತಿ. ನೀವು ಹಾಳಿ ಜೋಡಿಸಿ ಹೊಲಿಯೋದು ನೋಡಕೊರ್ರಿ. ಪಗಾರ ಅಷ್ಟ ಇರತೈತಿ."

ಆ ಕುರ್ಚಿ ಅವಳದು. ನಾನೂ ಅವಳವನು. ಅವಳು ಮೊಬೈಲು ತೆಗೆದು, 'ಚುಕ್ಕಿ'ಯ ಹೊಸ ಮುಖ ಬರೆದ ಮೈಸೂರಿನ ವಿಶ್ವಜಿತನಿಗೆ ಫೋನು ಮಾಡಿದಳು. ದನಿ ಕೋಣೆಗೆಲ್ಲ ಕೇಳುವಂತೆ ಇಟ್ಟಳು.

"ಮೇಡಂ, ನಾವಾಗಿ ತೆಗೀಲಿಲ್ಲ," ಎಂದ ಅವನು. "ಕೇಳಿಯೇ ತೆಗೆದದ್ದು. ಯಾರೂ ಬೇಕು ಅನ್ನಲಿಲ್ಲ. ನಿಮ್ಮ ಸಂಘದಿಂದಲೂ ಉತ್ತರ ಬಂದಿದೆ. ನೀಲಾಂಬಿಕಾ ಅಂತ ಹೆಸರಿದೆ. ಆರು ಕೀಲಿ ತೆಗೆಯಬಹುದು ಅಂತ ಅವರೇ ಹೇಳಿದ್ದಾರೆ."

"ನೀಲಾಂಬಿಕಾ ನಾನ."

ಗೌಡರು ಚಹಾ ಕಪ್ಪು ಬಿಟ್ಟು ಎದ್ದು ಹೊರಡಲು ಕುರ್ಚಿ ಸರಿಸಿದರು. ನೀಲಕ್ಕ ಆ ಸದ್ದಿನ ಕಡೆಗೆ ತಿರುಗಿದಳು.

"ಗೌಡ್ರ, ನೀವ ಬರದ್ರೇನ್ರಿ?"

"ನಿಮ್ಮ ಒಳ್ಳೇದಕ್ಕ ಅಂತ..."

"ನನಗ ಹುಟ್ಟಿನಿಂದ ಇಲ್ಲದ್ದು ಕಣ್ಣು. ಬಾಯಿ ಐತಿ. ನಾಳಿಂದ ನನ್ನ ಪಾಲಿನ ಊಟಾನೂ ನೀವ ಉಂಡುಬಿಡ್ರಿ, ನನ್ನ ಒಳ್ಳೇದಕ್ಕ." ಆಮೇಲೆ ಫೋನಿಗೆ ಹೇಳಿದಳು: "ತಮ್ಮಾ, ನೀನು ಕೇಳಿದ್ದು ಚಿತ್ರ ತೋರಿಸಿ. ಕಂಡವರು ಹೇಳ್ಯಾರ. ಕಾಣದವರಿಗೆ ಹೇಳಾಕ ದಾರಿನ ಇರಲಿಲ್ಲ, ನೀನು ಯಾರೂ ಬೇಕು ಅನ್ನಲಿಲ್ಲ ಅಂತ ಬರಕೊಂಡಿ."

ಅಂದು ಅವಳು 'ಚುಕ್ಕಿ'ಯ ಪುಟದಲ್ಲಿ, ಎಲ್ಲರೂ ಓದಬಹುದಾದ ಕಡೆ, ದೂರು ಬರೆದಳು. ಒಂದೊಂದೇ ಕೀಲಿ ಹುಡುಕಿ ಒತ್ತಬೇಕಿತ್ತು. ಅವಳು ಅಷ್ಟಾಗಿ ಮುಟ್ಟದಿದ್ದ ನನ್ನ ಮಿರಿಮಿರಿ ಕೀಲಿಗಳೂ ಅಂದು ಪೆಟ್ಟು ತಿಂದವು. ಎಂಥ ಪೆಟ್ಟು! ಆಟದ ಅಂಗಡಿಯಲ್ಲಿ ಸೋತವರೂ ಹಾಗೆ ಹೊಡೆದಿರಲಿಲ್ಲ. ನನ್ನ ಎಫ್ ಕೀಲಿ ಸಡಿಲವಾದದ್ದು ಆಗಲೇ. ನೋವಾಗಲಿಲ್ಲ. ಇನ್ನೂ ಹೊಡಿ ತಾಯಿ, ಅನ್ನಿಸಿತು.

ಉತ್ತರಗಳು ಬರತೊಡಗಿದವು. ಕಲಬುರಗಿಯ ಒಬ್ಬ ಮಾಸ್ತರರು, ಕುಂದಾಪುರದ ಒಬ್ಬಳು ಬ್ಯಾಂಕ್ ಉದ್ಯೋಗಿ, ಇನ್ನೂ ಹಲವರು. ಎಲ್ಲರದೂ ಒಂದೇ ಕತೆ: "ನಾನೂ ಆ ಚಿತ್ರ ದಾಟಲಾಗದೆ ಬಿಟ್ಟೆ."

ವಾರ ಕಳೆಯುವುದರೊಳಗೆ ಆರು ಕೀಲಿ ಮರಳಿ ಬಂತು. 'ವಿಶೇಷ ಬಳಕೆದಾರರ ಕೋರಿಕೆಯ ಮೇರೆಗೆ' ಎಂದು ಅದರ ಪಕ್ಕದಲ್ಲಿ ಬರೆದಿತ್ತು. "ವಿಶೇಷ ಅಂತ," ಎಂದಳು ನೀಲಕ್ಕ. "ಹಬ್ಬದ ಅಡಿಗಿ ಏನು ನಾನು?"

ವಿಶ್ವಜಿತ್ ಕ್ಷಮೆ ಕೇಳಲು ಬಂದ. ನಾಚಿಕೆ ಇರುವ ಹುಡುಗ, ಸುಳ್ಳು ಹೇಳಬಾರದು. ಆದರೆ ನನ್ನನ್ನು ಕಂಡವನೇ, "ಅಯ್ಯೋ, ಅಕ್ಷರಗಳೇ ಹೋಗಿವೆ, ಇದು ಹಾಳಾಗಿದೆ," ಎಂದು ತಾನು ತಂದಿದ್ದ ತೆಳ್ಳನೆಯ ಹೊಸ ಕೀಲಿಮಣೆಯನ್ನು ಮುಂದಿಟ್ಟ. ನೀಲಕ್ಕ ಬೆರಳಿಟ್ಟು ಒತ್ತಿದಳು. ದನಿ ಹೇಳಿತು: "ಪ್ರೌಟ."

"ತಗೊಂಡು ಹೋಗಪಾ," ಎಂದಳು. "ಕೇಳಿ ತರಬೇಕಿತ್ತು."

ಅವನು ಆಗ ಬಗ್ಗಿ ನನ್ನನ್ನು ನೋಡಿದ. ಬೋಳಾದ ಆರು ಕೀಲಿಗಳ ಮೇಲೆ ತನ್ನ ಬೆರಳು ಇಟ್ಟು, ತೆಗೆದ. ಅವನು ಊರೆಲ್ಲ ಕೇಳಿದ್ದ ಪ್ರಶ್ನೆಗೆ ಉತ್ತರ ನನ್ನ ಮೈಮೇಲೇ ಸವೆದು ಕೂತಿತ್ತು. ಕುರ್ಚಿ ಎಳೆದುಕೊಂಡು, "ಅಕ್ಕ, ನೀವು ಕೆಲಸ ಮಾಡಿ. ನಾನು ಕೂತಿರುತ್ತೇನೆ," ಎಂದ. ಅಂದು ಪುಸ್ತಕ ಓದಿ ಹೇಳಿದ್ದು ರುದ್ರಗೌಡರು. ತಪ್ಪಿದಾಗಲೆಲ್ಲ ನೀಲಕ್ಕ ಗದರಿದಳು.

ಇತಿಹಾಸದ ಪುಸ್ತಕ ಹುಡುಗಿಯರ ಕೈ ಸೇರಿತು. ನೀಲಕ್ಕ ಆ ಕುರ್ಚಿಯಲ್ಲೇ ಇದ್ದಾಳೆ. ನನಗೆ ವಯಸ್ಸಾಗಿದೆ. ಎಫ್ ಕೀಲಿಯ ಅಡಿಯಲ್ಲಿ ಸೈಕಲ್ ಟ್ಯೂಬಿನ ತುಂಡು ಇಟ್ಟಿದ್ದಾರೆ, ಒಮ್ಮೊಮ್ಮೆ ನಾನೂ ನುಂಗುತ್ತೇನೆ. ಬೇಗನೇ ಬೀರುವಿನ ಮೇಲೆ ಹೋಗಬೇಕಾದವನು ನಾನು. ಹೋಗುತ್ತೇನೆ, ಬೇಸರವಿಲ್ಲ. ಸಿಟ್ಟು ಮಾತ್ರ ಇಳಿದಿಲ್ಲ, ಇಳಿಯುವುದೂ ಬೇಡ. ನನ್ನ ಜಾಗಕ್ಕೆ ಬರುವವನು ಎಷ್ಟು ಹೊಳೆಯುತ್ತಾನೆ, ಎಷ್ಟು ನಕ್ಷತ್ರ ಗಳಿಸಿದ್ದಾನೆ ಎಂದು ಯಾರೂ ನನಗೆ ಹೇಳಬೇಡಿ. ದಸ್ತಗೀರನ ಅಂಗಡಿಗೆ ನೀಲಕ್ಕನನ್ನು ಕರೆದುಕೊಂಡು ಹೋಗಿ. ಅವಳು ಆರೂ ಬೆರಳು ಊರಿ 'ಪ್ರೌಢ' ಎಂದು ಒತ್ತುವವರೆಗೆ, ದಯವಿಟ್ಟು, ಬಾಯಿ ಮುಚ್ಚಿಕೊಂಡು ನಿಂತಿರಿ.