ಹೊಸತೊಡಕಿನ ಕೋಳಿ

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಬೆಳಗಾದರೆ ಎಲ್ಲರ ಬಾಗಿಲಿಗೂ ನೀರು ಬೀಳುತ್ತದೆ, ರಂಗೋಲಿ ಬೀಳುತ್ತದೆ. ಒಂದು ಬಾಗಿಲು ಮಾತ್ರ ಹೊತ್ತು ನೆತ್ತಿಗೆ ಬಂದರೂ ತೆರೆಯುತ್ತಿರಲಿಲ್ಲ. ಅದು ಚನ್ನಮಲ್ಲಮ್ಮನವರ ಮನೆ. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಒಂದೇ ಗೋಡೆ.

ನಾನು ರತ್ನ, ಈ ಬೀದಿಯ ಆಶಾ ಕಾರ್ಯಕರ್ತೆ. ಕಂಡವರ ಮನೆ ಬಾಗಿಲು ತಟ್ಟುವುದೇ ನನ್ನ ಕೆಲಸ. ಬಾಯಿ ಸ್ವಲ್ಪ ಜೋರು. ಅದನ್ನು ನನ್ನ ಗಂಡ ನಾಗರಾಜು ಆಟೊ ಸ್ಟ್ಯಾಂಡಿಗೆಲ್ಲ ಸಾರಿದ್ದಾರೆ.

ಚನ್ನಮಲ್ಲಮ್ಮನವರು ಹೊನ್ನೂರಿನವರು. ಊರಲ್ಲಿ ಗದ್ದೆ, ತೆಂಗು, ಕೊಟ್ಟಿಗೆ ತುಂಬ ದನ. ಗಂಡ ರುದ್ರಸ್ವಾಮಿ ಇಲ್ಲಿ ತೆಂಗಿನಕಾಯಿ ಮಂಡಿ ಇಟ್ಟ ಮೇಲೆ ಹಸುಗಳನ್ನೆಲ್ಲ ಭಾವನ ಕೈಗೆ ಒಪ್ಪಿಸಿ ಪೇಟೆಗೆ ಬಂದರು. ಮಗಳು ಸಿಂಧು ಮೈಸೂರಿನ ಹಾಸ್ಟೆಲಿನಲ್ಲಿದ್ದಾಳೆ. ನಾನು ಚನ್ನಮಲ್ಲಮ್ಮನವರನ್ನು ಅಕ್ಕ ಎಂದೇ ಕರೆಯುವುದು. ಬಂದ ಹೊಸದರಲ್ಲಿ ಅಕ್ಕ ಚೆನ್ನಾಗಿಯೇ ಇದ್ದರು. ಬರಬರುತ್ತ ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು, ನಿದ್ದೆ ಹೋಯಿತು. ತಲೆ ಬಾಚುವುದನ್ನೂ ಬಿಟ್ಟರು. ನಾನು ಹೋಗಿ ಕೂತರೆ ನನ್ನನ್ನು ಬಿಟ್ಟು ಗೋಡೆ ನೋಡುತ್ತಿದ್ದರು.

ಒಂದು ದಿನ ರುದ್ರಸ್ವಾಮಣ್ಣನನ್ನು ಬೀದಿಯಲ್ಲೇ ಹಿಡಿದೆ.

“ಅಣ್ಣಾ, ಅಕ್ಕನ್ನ ಒಂದ್ಸಲ ಆಸ್ಪತ್ರೆಗೆ ಕರ್ಕೊಂಡೋಗಿ. ಇದು ಮನಸಿನ ಕಾಯ್ಲೆ ಇದ್ದಂಗದೆ.”

“ನಮ್ಮನೆಯೋಳಿಗೇನು ಹುಚ್ಚಾ ರತ್ನಮ್ಮ? ಉಣ್ಣೋಕೆ, ಉಡೋಕೆ ಏನ್ ಕಮ್ಮಿಯಾಗದೆ? ಕೈಗೆ ಕೆಲ್ಸ ಇಲ್ಲ, ಅದ್ಕೇ ಇಂಗಾಗವ್ಳೆ. ನಾಕ್ ದಿನ ಓದ್ರೆ ಸರಿಯಾಯ್ತಾಳೆ.”

“ಈ ನಾಕ್ ದಿನನ ದೀಪಾವಳಿಯಿಂದ ಯೋಳ್ತಾನೇ ಇದ್ದೀರಿ” ಅಂದೆ. ಅವರು ಗಾಡಿ ಸ್ಟಾರ್ಟ್ ಮಾಡಿಕೊಂಡು ಮಂಡಿಗೆ ಹೋದರು.

ಹೀಗಿರುವಾಗ ಯುಗಾದಿ ಬಂತು. ಮಾರನೆಯ ದಿನವೇ ಹೊಸತೊಡಕು. ಅವತ್ತು ನಮ್ಮಂಥವರ ಮನೆಯಲ್ಲಿ ಬಾಡೂಟ ಆಗಲೇಬೇಕು. ನನ್ನ ಗಂಡ ಕಾಮಗೆರೆಯಿಂದ ಒಂದು ಕೆಂಪು ಹ್ಯಾಟೆ ತಂದಿದ್ದರು. ಹ್ಯಾಟೆ ಎಂದರೆ ಇನ್ನೂ ಮೊಟ್ಟೆ ಇಡದ ಎಳೆಯ ಕೋಳಿ, ಅದರ ಸಾರಿನ ರುಚಿಯೇ ಬೇರೆ. ಮಸಾಲೆ ರುಬ್ಬಿ ಆಗಿತ್ತು. ಕಾಲಿನ ದಾರ ಬಿಚ್ಚಿದ್ದೇ ತಡ, ಕೋಳಿ ಗೋಡೆ ಹಾರಿ ಚನ್ನಮಲ್ಲಮ್ಮನವರ ಹಿತ್ತಲಿಗೆ ಬಿತ್ತು. ಅಲ್ಲಿಂದ ನೇರ ಬಚ್ಚಲಿಗೆ ನುಗ್ಗಿ ಹಂಡೆಯ ಹಿಂದೆ ಅಡಗಿತು.

ಅವರದು ಬಾಡಿನ ವಾಸನೆಯೂ ಸುಳಿಯದ ಮನೆ. ಕೋಳಿ ಸಾಕುವುದು ಅವರ ಯಾವ ತಲೆಮಾರಿನಲ್ಲೂ ಇಲ್ಲ. ನಾವಿಬ್ಬರೂ ಅಳುಕುತ್ತಲೇ ಹೋಗಿ ಬಾಗಿಲು ತಟ್ಟಿದೆವು. ಬಹಳ ಹೊತ್ತಿಗೆ ಬಾಗಿಲು ತೆರೆಯಿತು. ಅಕ್ಕನ ತಲೆಗೂದಲು ಕೆದರಿತ್ತು, ಕಂಕುಳಲ್ಲಿ ನಮ್ಮ ಕೋಳಿ ಇತ್ತು.

“ಇದ್ರ ಎದೆ ಎಂಗ್ ಒಡ್ಕೋತದೆ ನೋಡು ರತ್ನ” ಅಂದರು. ತಿಂಗಳುಗಳ ಮೇಲೆ ಅವರು ತಾವಾಗಿ ಆಡಿದ ಮಾತು ಅದು. “ಜೀವ ಉಳಿಸ್ಕೊಳ್ಳೋಕೆ ನಮ್ಮನೆ ಒಳಿಕ್ಕೆ ಬಂದದೆ. ಎಂಗ್ ಕೊಡ್ಲಿ? ನಾನ್ ಕೊಡಾಕಿಲ್ಲ ಕಣ್ ಓಗು.”

“ಅಕ್ಕೋ, ಮಸಾಲೆ ರುಬ್ಬಾಗದೆ” ಎಂದು ನನ್ನ ಗಂಡ ರಾಗ ಎಳೆದರು.

“ಅದ್ಕೆ ಆಲೂಗಡ್ಡೆ ಆಕ್ಕೊ ನಾಗರಾಜ.”

ಬಾಗಿಲು ಮುಚ್ಚಿತು. ಹೊಸತೊಡಕಿನ ದಿನ ನಾವು ಆಲೂಗಡ್ಡೆ ಸಾರು ಉಂಡೆವು. ಆ ಹೊಟ್ಟೆಯುರಿ ನನ್ನ ಗಂಡನಿಗೆ ಇವತ್ತಿಗೂ ಹೋಗಿಲ್ಲ.

ಮರುದಿನದಿಂದ ಆ ಮನೆಯ ಬಾಗಿಲು ಬೆಳಕು ಹರಿಯುವಾಗಲೇ ತೆರೆಯತೊಡಗಿತು. ಕೋಳಿಯ ಮೇಲೆ ಕವುಚಿದ ಮಂಕರಿ ಎತ್ತಬೇಕಲ್ಲ, ನುಚ್ಚು ಹಾಕಬೇಕಲ್ಲ, ನೀರಿಡಬೇಕಲ್ಲ. ಕೋಳಿಗೆ ಕೆಂಪಿ ಎಂಬ ಹೆಸರೂ ಆಯಿತು. ಅಕ್ಕ ಅದರೊಡನೆ ಮಾತಾಡುತ್ತಿದ್ದರು. ಅದರ ನೆಪದಲ್ಲಿ ಗೋಡೆಯಾಚೆ ನಿಂತ ನನ್ನೊಡನೆಯೂ ನಾಲ್ಕು ಮಾತು ಆಗುತ್ತಿತ್ತು.

ರುದ್ರಸ್ವಾಮಣ್ಣ ಮೊದಲು ಮುಖ ಸಿಂಡರಿಸಿದರು. ಹೆಂಡತಿ ಹಾಸಿಗೆ ಬಿಟ್ಟು ಎದ್ದದ್ದು ಕಂಡು ತೆಪ್ಪಗಾದರು. ಆಮೇಲೆ ನನ್ನನ್ನೇ ಆಡಿಕೊಳ್ಳತೊಡಗಿದರು.

“ಆಸ್ಪತ್ರೆ ಆಸ್ಪತ್ರೆ ಅಂತಿದ್ರಲ್ಲ ರತ್ನಮ್ಮ, ಈಗ ನೋಡಿ, ಕೋಳಿನೇ ವಾಸಿ ಮಾಡ್ಬುಡ್ತು. ಪೇಟೇಲಿರೋರು ಒಂದು ಪ್ರಾಣಿ ಸಾಕಂಡ್ರೆ ಮನಸಿನ ಕಾಯ್ಲೆ ಹತ್ರಕ್ಕೇ ಬರಾಕಿಲ್ವಂತೆ. ಮೊಬೈಲಲ್ಲಿ ಬಂದಿತ್ತು.”

“ಮೊಬೈಲಲ್ಲಿ ಬರೋದೆಲ್ಲ ನಿಜನಾ ಅಣ್ಣ?” ಅಂದೆ. ಆದರೂ ನನಗೆ ಒಳಗೊಳಗೇ ಸಂತೋಷವಾಗಿತ್ತು.

ಆದರೆ ನಾನು ದಿನಾ ಗೋಡೆಯಾಚೆ ಇಣುಕುವವಳು. ಕೆಂಪಿಗೆ ಹೊತ್ತುಹೊತ್ತಿಗೆ ನುಚ್ಚು ಬೀಳುತ್ತಿತ್ತು, ಅಕ್ಕನ ತಟ್ಟೆಯ ಮುದ್ದೆ ಮಾತ್ರ ಹಾಗೇ ಉಳಿಯುತ್ತಿತ್ತು. ರವಿಕೆಯ ತೋಳು ಸಡಿಲವಾಗಿ ಜೋತಾಡುತ್ತಿತ್ತು. ಒಂದು ಸಂಜೆ ಕೋಳಿಯ ಬೆನ್ನು ಸವರುತ್ತ ಅಕ್ಕ ಮೆಲ್ಲಗೆ ಹೇಳಿದರು:

“ಇದಕ್ಕೋಸ್ಕರ ಎದ್ದೇಳ್ತೀನಿ ಕಣ್ ರತ್ನ. ಇಲ್ದಿದ್ರೆ ಏಳೋದಾದ್ರೂ ಯಾಕೆ? ಇದ್ನೇನಾದ್ರೂ ನಾಯಿ ಇಡ್ಕೊಂಡ್ರೆ, ಆಮೇಕೆ ನಾನೂ ಇರಾಕಿಲ್ಲ.”

ಇಂಥ ಮಾತು ಬಂದಾಗ ಹಾರಿಸಿಬಿಡಬಾರದು, ಕೇಳಿದರೆ ಆ ಯೋಚನೆ ಎಲ್ಲಿ ತಲೆಗೆ ಹೊಕ್ಕೀತೋ ಎಂದು ಹೆದರಲೂಬಾರದು, ನೇರವಾಗಿ ಕೇಳಬೇಕು ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು.

“ಅಕ್ಕಾ, ಸಾಯ್ಬೇಕು ಅನ್ನಿಸ್ತದಾ?”

ಅಕ್ಕ ಹೂಂ ಎಂದು ತಲೆಯಾಡಿಸಿ ಅತ್ತುಬಿಟ್ಟರು. ನನಗೂ ಅಳು ತಡೆಯಲಾಗಲಿಲ್ಲ. ರುದ್ರಸ್ವಾಮಣ್ಣ ಬರುವವರೆಗೆ ನಾನು ಅವರನ್ನು ಬಿಟ್ಟು ಕದಲಲಿಲ್ಲ.

ಬಂದವರನ್ನು ಜಗಲಿಗೆ ಕರೆದು ಎಲ್ಲ ಹೇಳಿದೆ. ಅವರು ಮತ್ತೆ “ಕೋಳಿ ಬಂದ್ಮೇಲೆ ಚೆನ್ನಾಗವ್ಳಲ್ಲ” ಎಂದು ಶುರು ಮಾಡಿದರು.

“ಅಣ್ಣಾ, ಹೊನ್ನೂರಲ್ಲಿ ನಿಮ್ ಹಸ ಮೇವು ಬುಟ್ರೆ ಏನ್ ಮಾಡ್ತಿದ್ರಿ?”

“ಇನ್ನೇನ್ ಮಾಡ್ತಾರೆ? ಆವತ್ತೇ ಡಾಕ್ಟ್ರನ್ನ ಕರಸ್ತಿದ್ದೆ.”

“ಅಕ್ಕ ಅನ್ನ ಬುಟ್ಟು ಎಷ್ಟ್ ತಿಂಗಳಾಯ್ತು?”

ಅವರು ಜಗಲಿಯ ಮೇಲೆ ಕುಸಿದು ಕೂತರು. ಟವೆಲಿನಿಂದ ಮುಖ ಒರೆಸಿಕೊಂಡರು. “ನಾನು ಸೋಂಬೇರಿತನ ಅಂದ್ಕಂಡಿದ್ದೆ ರತ್ನಮ್ಮ” ಅಂದರು. ಬೆಳಿಗ್ಗೆಯೇ ಆಸ್ಪತ್ರೆಗೆ ಹೋಗುವುದೆಂದಾಯಿತು.

ಹೊರಡುವ ಹೊತ್ತಿಗೆ ಅಕ್ಕ ಹೊಸಿಲಲ್ಲಿ ನಿಂತುಬಿಟ್ಟರು.

“ಕೆಂಪಿನ ಯಾರ್ ನೋಡ್ಕೋತಾರೆ?”

“ನಮ್ಮೋರು ಮನೇಲೇ ಅವ್ರಲ್ಲ ಅಕ್ಕ.”

“ನಾಗರಾಜನ ಕೈಗಾ? ನಾವು ಬರೋವೊತ್ಗೆ ಸಾರ್ ಕುದೀತಿರ್ತದೆ.”

ನನ್ನ ಗಂಡ ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗಿ ಕೈಮುಗಿದರು. “ಮಾದಪ್ಪನಾಣೆ ಕಣಕ್ಕ, ಒಂದ್ ಪುಕ್ಕನೂ ಮುಟ್ಟಾಕಿಲ್ಲ.” ಅಕ್ಕ ನಕ್ಕರು. ಅವರು ನಕ್ಕದ್ದು ಕಂಡು ಎಷ್ಟೋ ತಿಂಗಳಾಗಿತ್ತು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಅಕ್ಕನನ್ನು ಕೂರಿಸಿಕೊಂಡು ನಿಧಾನವಾಗಿ ಎಲ್ಲ ಕೇಳಿದರು. ಆಮೇಲೆ ರುದ್ರಸ್ವಾಮಣ್ಣನನ್ನು ಒಳಗೆ ಕರೆದರು.

“ಇದಕ್ಕೆ ಖಿನ್ನತೆ ಅಂತಾರೆ. ಬಿ.ಪಿ., ಶುಗರ್ ಹೇಗೋ ಇದೂ ಹಾಗೇ ಒಂದು ಕಾಯಿಲೆ, ಹುಚ್ಚಲ್ಲ. ಮಾತ್ರೆಯ ಗುಣ ಕಾಣೋಕೆ ಕೆಲವು ವಾರ ಹಿಡಿಯುತ್ತೆ. ಹುಷಾರಾದ್ರು ಅಂತ ನೀವೇ ನಿಲ್ಲಿಸ್ಬೇಡಿ. ಸದ್ಯಕ್ಕೆ ಒಬ್ಬರನ್ನೇ ಬಿಡ್ಬೇಡಿ.”

“ಕೋಳಿ ಬುಟ್ಬುಡ್ಬೇಕಾ ಮೇಡಂ?”

“ಯಾಕೆ ಬಿಡ್ತೀರಿ? ಅವರಾಗೇ ಇಷ್ಟಪಟ್ಟು ಸಾಕಿದ್ದಾರೆ. ಬೆಳಿಗ್ಗೆ ಎಬ್ಬಿಸುತ್ತೆ, ಮಾತಾಡಿಸುತ್ತೆ, ಒಳ್ಳೇದೇ. ಆದ್ರೆ ಎಲ್ಲರಿಗೂ ಹೀಗೇ ಆಗಲ್ಲ. ಇಷ್ಟ ಇಲ್ಲದೋರ ಮಡಿಲಿಗೆ ನಾಯಿನೋ ಬೆಕ್ಕೋ ತಂದು ಹಾಕಿದ್ರೆ ಅದೇ ಒಂದು ಹೊರೆ. ಕೋಳಿ ಜೊತೆಗಿರಲಿ, ಔಷಧಿನೂ ನಡೀಲಿ. ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳ್ಕೊಂಡ್ರೆ ಆಯ್ತು.”

ಒಂದೇ ದಿನಕ್ಕೆ ಏನೂ ಆಗಲಿಲ್ಲ. ಆದರೆ ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕನ ತಟ್ಟೆ ಖಾಲಿಯಾಗತೊಡಗಿತ್ತು. ಬಾಗಿಲಲ್ಲಿ ರಂಗೋಲಿ ಬಂತು. ಕೆಂಪಿಯೂ ಮೊಟ್ಟೆ ಇಡತೊಡಗಿತು. ತಿನ್ನುವವರಿಲ್ಲದ ಮನೆಯಲ್ಲಿ ಮೊಟ್ಟೆ ಏನು ಮಾಡುವುದು? “ನಾಗರಾಜ, ಬಾ, ನಿನ್ ಸಾರಿಗೆ ಬಂದದೆ” ಎಂದು ಗೋಡೆಯ ಮೇಲಿಂದ ಕೂಗು ಬರುತ್ತಿತ್ತು.

ಒಂದು ಭಾನುವಾರ ಹೊನ್ನೂರಿನಿಂದ ರುದ್ರಸ್ವಾಮಣ್ಣನ ಅಣ್ಣ ಶಿವನಂಜಯ್ಯ ಎಳನೀರು ತಂದರು. ನಾನೂ ಅಲ್ಲೇ ಇದ್ದೆ. ಅವರು ಕಾಫಿ ಲೋಟ ಬಾಯಿಗಿಡುವಾಗ ಕೆಂಪಿ ಗತ್ತಿನಿಂದ ನಡುಮನೆ ದಾಟಿ ಹೋಯಿತು.

“ಇದೇನ್ಲಾ ರುದ್ರ, ನಮ್ಮೋರ ಮನೇಲಿ ಕೋಳಿ? ಕಂಡೋರು ಏನಂದಾರು?”

ಅಕ್ಕನ ಮುಖ ಬಾಡಿತು. ಇಷ್ಟು ದಿನ ಕಟ್ಟಿದ್ದೆಲ್ಲ ಒಂದು ಮಾತಿಗೆ ಮುರಿದುಬಿದ್ದರೆ ಎಂದು ನನಗೆ ಭಯವಾಯಿತು. ಇನ್ನೇನು ನಾನೇ ಬಾಯಿ ಹಾಕಬೇಕು, ಅಷ್ಟರಲ್ಲಿ ರುದ್ರಸ್ವಾಮಣ್ಣ ಹೇಳಿದರು:

“ಅಣ್ಣ, ಇವಳಿಗೆ ಖಿನ್ನತೆ ಅಂತ ಕಾಯ್ಲೆ ಬಂದಿತ್ತು. ಒಂದೇ ಮನೇಲಿದ್ದೂ ನಂಗೆ ಗೊತ್ತಾಗ್ನಿಲ್ಲ. ಈ ಕೋಳಿ ಇವಳ್ನ ಹಾಸಿಗೆಯಿಂದ ಎಬ್ಬಿಸ್ತು. ಡಾಕ್ಟ್ರು ಉಳಿಸ್ಕೊಟ್ರು. ಇವತ್ತೂ ಮಾತ್ರೆ ತಕೋತಾವ್ಳೆ. ಕೋಳಿಗೂ ಮಾತ್ರೆಗೂ ನಂಗೆ ನಾಚ್ಕೆ ಇಲ್ಲ. ಅನ್ನೋರು ಅನ್ಕಳ್ಲಿ.”

ಶಿವನಂಜಯ್ಯ ಕಾಫಿ ಕುಡಿದು ಮುಗಿಸಿದರು. ಹೊರಡುವಾಗ ಬೀದಿಯಲ್ಲಿ ನನ್ನನ್ನು ನಿಲ್ಲಿಸಿ ದನಿ ತಗ್ಗಿಸಿದರು. “ರತ್ನಮ್ಮ, ನಮ್ಮೂರಲ್ಲೂ ಒಬ್ರು ಇಂಗೇ ಮಂಕಾಗಿ ಕುಂತವ್ರೆ. ಯಾವತ್ತು ಕರ್ಕೊಂಡ್ ಬರ್ಲಿ?”

ಈ ವರ್ಷದ ಹೊಸತೊಡಕಿಗೆ ನನ್ನ ಗಂಡ ಕೋಳಿ ತರಲಿಲ್ಲ, ಮಟನ್ ತಂದರು. ಅದು ಗೋಡೆ ಹಾರುವುದಿಲ್ಲವಂತೆ.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಾಯಿಯೋ ಬೆಕ್ಕೋ ಕೋಳಿಯೋ, ಮನಸ್ಸಿಗೆ ಬಂದದ್ದನ್ನು ಪ್ರೀತಿಯಿಂದ ಸಾಕಿ. ಆದರೆ ಎರಡು ವಾರವಾದರೂ ಊಟ, ನಿದ್ದೆ, ಮಾತು ಯಾವುದೂ ಬೇಡವೆನ್ನುವವರು ಮನೆಯಲ್ಲಿದ್ದರೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸಾಯುವ ಮಾತು ಬಂದರೆ ಒಂದು ದಿನವೂ ತಡ ಮಾಡಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಮನಸ್ಸಿನ ಆರೋಗ್ಯದ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮ್ಮ ಬೀದಿಯಲ್ಲೂ ಹೊತ್ತೇರಿದರೂ ತೆರೆಯದ ಬಾಗಿಲು ಒಂದಿದ್ದೀತು. ಇವತ್ತೇ ಹೋಗಿ ತಟ್ಟಿ. ಕೋಳಿ ಹಾರಿ ಬರಲಿ ಎಂದು ಕಾಯುತ್ತ ಕೂರಬೇಡಿ.